ಕೋಡಿನ ಬಳೆಯಿಂದ ವಹಿಯವರೆಗೆ: ಗಬ್ಬ ಕಟ್ಟುವ ಆಕಳನ್ನು ಗುರುತಿಸಿದ ಬಗೆ

ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಸಂಚಿಕೆಗೆ ಏನಾದರೂ ಬರೆಯಿರಿ ಎಂದು ಸದಸ್ಯ ಬಾಂಧವರು ಹೇಳಿದಾಗ, ಹಾಲಿನ ಲೆಕ್ಕ ಬರೆಯಬೇಕೆಂದು ನಾವು ಕುಳಿತೆವು. ಆದರೆ ಆಕಳ ಈಯದಿದ್ದರೆ ಹಾಲೆಲ್ಲಿಂದ ಬರಬೇಕು? ಆದ್ದರಿಂದ ಗಬ್ಬ ಕಟ್ಟುವ ಆಕಳನ್ನು ನಮ್ಮ ಭಾಗದವರು ಹೇಗೆ ಗುರುತಿಸುತ್ತ ಬಂದರು, ಅದರಲ್ಲಿ ಖರೆ ಎಷ್ಟು, ಸುಳ್ಳು ಎಷ್ಟು ಎಂಬುದನ್ನು ನಮಗೆ ತಿಳಿದಷ್ಟು ಬರೆಯುತ್ತೇವೆ.

ನಮ್ಮದು ಮೊದಲಿಗೆ ಹೈನದ ಸೀಮೆಯಲ್ಲ, ಎತ್ತಿನ ಸೀಮೆ. ಕರಿ ಎರೆ ಹೊಲ ಉಳಲು ಕಸುವಿನ ಎತ್ತು ಬೇಕೆಂದು 19ನೆಯ ಶತಮಾನದ ಕೊನೆಯ ಭಾಗದಲ್ಲಿ ದಕ್ಷಿಣ ಮರಾಠಾ ಸಂಸ್ಥಾನಿಕರು ಗಿರ್, ಓಂಗೋಲ್ ಮೊದಲಾದ ತಳಿಗಳನ್ನು ಇಲ್ಲಿಯ ದನಗಳೊಡನೆ ಕೂಡಿಸಿದರು. ಅದೇ ಕೃಷ್ಣಾ ತೀರದ ತಳಿ. ಇನ್ನೊಂದು ಖಿಲಾರಿ. ಆಗ ಆಕಳ ಸಾಕುತ್ತಿದ್ದುದು ಮುಖ್ಯವಾಗಿ ಹೋರಿಗರುವಿಗಾಗಿ. ಎರಡು ವರ್ಷ ಖಾಲಿ ನಿಂತ ಆಕಳ ಮನೆಗೆ ಭಾರ.

ವಿಜಯಪುರದ ಸಿದ್ಧೇಶ್ವರ ಜಾತ್ರೆಯಲ್ಲೋ ಬಾದಾಮಿ ಬನಶಂಕರಿ ಜಾತ್ರೆಯಲ್ಲೋ ದನ ಕೊಳ್ಳುವ ಹಿರಿಯರು ಮೊದಲು ಬಾಯಿ ತೆರೆದು ಹಲ್ಲು ಎಣಿಸುವರು. ಆಮೇಲೆ ಕೋಡು ನೋಡುವರು. ಗಬ್ಬದ ಕಾಲದಲ್ಲಿ ಮೇವಿನ ಸತ್ವ ಕರುವಿಗೆ ಹೋಗಿ ಕೋಡಿನ ಬೆಳವಣಿಗೆ ತಗ್ಗುತ್ತದೆ, ಅಲ್ಲೊಂದು ಬಳೆ ಮೂಡುತ್ತದೆ. ಬಳೆಗಳ ನಡುವಿನ ಅಂತರ ಒಂದೇ ಸಮ ಇದ್ದರೆ ವರ್ಷಕ್ಕೊಂದು ಕರು ಹಾಕಿದ ಆಕಳ. ನಡುವೆ ಅಗಲ ಬಿಟ್ಟಿದ್ದರೆ ಒಂದು ಸೂಲು ತಪ್ಪಿದೆ ಎಂದು ಅರ್ಥ. ಬರಗಾಲದ ಬಳೆಯೂ ಇರುತ್ತದೆ, ಹಾಗಾಗಿ ಇದು ಪಕ್ಕಾ ಲೆಕ್ಕವಲ್ಲ. ಕೋಡು ಹೆರೆದು ಬಣ್ಣ ಹಚ್ಚಿದ್ದರೆ ಹಿರಿಯರು ಸುಮ್ಮನೆ ಮುಂದೆ ಹೋಗುವರು.

ಕೊನೆಗೆ ಹಿಂದೆ ನಿಂತು ಬೆನ್ನು ನೋಡುವರು. ಟೊಂಕ ಅಗಲವಿರಬೇಕು, ಟೊಂಕದ ಎಲುಬಿಗಿಂತ ಬಾಲದ ಬುಡದ ಎಲುಬು ತುಸು ಇಳಿದಿರಬೇಕು. ಇದು ಇಂದಿಗೂ ಖರೆ. ಅಗಲವಿದ್ದರೆ ಕರು ಸಲೀಸಾಗಿ ಬರುತ್ತದೆ. ಇಳಿಜಾರಿದ್ದರೆ ಈದ ನಂತರದ ಹೊಲಸು ಹರಿದುಹೋಗಿ ಗರ್ಭಕೋಶ ಸ್ವಚ್ಛವಾಗುತ್ತದೆ. ಹೋರಿಗರುವಿನ ಜೋಡಿ ಅವಳಿಯಾಗಿ ಹುಟ್ಟಿದ ಹೆಣ್ಣುಗರು ಗೊಡ್ಡು ಎಂಬ ಮಾತೂ ಖರೆ. ಹೊಟ್ಟೆಯಲ್ಲಿ ಎರಡಕ್ಕೂ ರಕ್ತ ಕೂಡಿ ಹರಿಯುವುದರಿಂದ ಹೆಣ್ಣುಗರುವಿನ ಗರ್ಭಾಂಗ ಬೆಳೆಯುವುದಿಲ್ಲ. ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಹೀಗೆಯೇ.

ಇನ್ನು ಸುಳಿಯ ಮಾತು. ಕೆಟ್ಟ ಸುಳಿ ಇದೆ ಎಂದು ಎಷ್ಟೋ ಒಳ್ಳೆಯ ದನಗಳು ಅಗ್ಗಕ್ಕೆ ಹೋದವು. ಅಮೆರಿಕದ ಕೊಲರಾಡೋದಲ್ಲಿ ಟೆಂಪಲ್ ಗ್ರಾಂಡಿನ್ ಮತ್ತು ಸಂಗಡಿಗರು ಎಳೆಯ ಹೋರಿಗಳ ಹಣೆಸುಳಿ ನೋಡಿ 2004ರಲ್ಲಿ ವರದಿ ಬರೆದರು. ದುಂಡು ಸುಳಿಯ ಹೋರಿಗಳಲ್ಲಿ ಸರಿಯಾದ ಆಕಾರದ ವೀರ್ಯಾಣು ಹೆಚ್ಚು ಕಂಡವಂತೆ. ಆದರೆ ಅದು ಹೋರಿಯ ಮಾತು, ಮನೆಯ ಯಜಮಾನನ ಹಣೆಬರಹದ ಮಾತಲ್ಲ. ಸುಳಿ ನೋಡಿ ಆಕಳನ್ನು ಹೊರಹಾಕಬೇಡ್ರಿ.

ಕೃತಕ ಗರ್ಭಧಾರಣೆ ನಮ್ಮ ದೇಶದಲ್ಲಿ ಮೊದಲು ನಡೆದದ್ದು ನಮ್ಮ ಕನ್ನಡ ನಾಡಿನಲ್ಲೇ. 1939ರಲ್ಲಿ ಮೈಸೂರು ಅರಮನೆಯ ಡೇರಿ ಫಾರ್ಮಿನಲ್ಲಿ ಸಂಪತ್ ಕುಮಾರನ್ ಎಂಬವರು ಮಾಡಿದರು. ಕಾಲಾನಂತರ ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿಟ್ಟ ವೀರ್ಯದ ಕಡ್ಡಿ ಹಳ್ಳಿಗೂ ಬಂತು. ಅದರೊಡನೆ ಜರ್ಸಿ, ಎಚ್‌ಎಫ್ ಮಿಶ್ರತಳಿ ಬಂದವು. ಕರುವಿದ್ದಾಗಲೇ ಕೋಡು ಸುಡುವುದರಿಂದ ಅವುಗಳಲ್ಲಿ ಬಳೆಯ ಲೆಕ್ಕವೂ ಹೋಯಿತು. ಜನರ ಕಣ್ಣು ಬೆನ್ನು ಬಿಟ್ಟು ಕೆಚ್ಚಲಿನ ಮೇಲೆ ನಿಂತಿತು.

ನಾವೂ ಹಾಗೇ ಮೋಸ ಹೋದೆವು. ಕೆಚ್ಚಲು ದೊಡ್ಡದು, ಪಕ್ಕೆಲುಬು ಕಾಣುವಂಥ ಸಪೂರ ಮೈ. ಇದೇ ಹೈನದ ಲಕ್ಷಣವೆಂದು ಸಾಲ ಮಾಡಿ ಒಂದು ಆಕಳ ತಂದೆವು. ಹಾಲು ಬಿಂದಿಗೆ ತುಂಬ ಕೊಟ್ಟಿತು. ಆದರೆ ನಾಲ್ಕು ಸಲ ಇಂಜೆಕ್ಷನ್ ಮಾಡಿಸಿದರೂ ಗಬ್ಬ ನಿಲ್ಲಲಿಲ್ಲ. ಕೊಂಡ ಬೆಲೆಯ ಮೂರನೇ ಪಾಲಿಗೆ ಮಾರಿದೆವು, ಸಾಲ ಉಳಿಯಿತು. ತಪ್ಪು ಆಕಳದ್ದಲ್ಲ, ನಮ್ಮದು. ಹಾಲು ಹೆಚ್ಚು ಕೊಡುವ ಆಕಳ ತಿಂದದ್ದು ಸಾಲದೆ ಮೈಯ ಕೊಬ್ಬು ಕರಗಿಸಿ ಹಾಲು ಇಳಿಸುತ್ತದೆ. ಆಗ ಬೆದೆ ತಡವಾಗುತ್ತದೆ, ಬಂದರೂ ನಿಲ್ಲುವುದಿಲ್ಲ. ನಾವು ಹಾಕಿದ್ದು ಬರೀ ಕಬ್ಬಿನ ವಾಡಿ. ವಾಡಿಯಲ್ಲಿರುವ ಆಕ್ಸಲೇಟ್ ಸುಣ್ಣದ ಅಂಶವನ್ನು ಮೈಗೆ ಹತ್ತಗೊಡುವುದಿಲ್ಲ. ಜೋಳದ ಕಣಕಿ, ಹಿಂಡಿ, ಖನಿಜ ಮಿಶ್ರಣ ಜೊತೆಗಿರಬೇಕಿತ್ತು. ಈ ತಪ್ಪು ದೊಡ್ಡ ದೇಶಗಳೂ ಮಾಡಿವೆ. ಅಮೆರಿಕದಲ್ಲಿ ದಶಕಗಟ್ಟಲೆ ಹಾಲಿಗಾಗಿ ತಳಿ ಆರಿಸಿ ಗರ್ಭ ನಿಲ್ಲುವ ಗುಣ ಕುಗ್ಗಿತು. 2003ರಿಂದ ಹೋರಿಗಳ ಮಗಳಂದಿರು ಗಬ್ಬ ಕಟ್ಟುವ ಪ್ರಮಾಣವನ್ನೂ ಅಲ್ಲಿ ಲೆಕ್ಕ ಹಿಡಿಯತೊಡಗಿದರು.

ಆದ್ದರಿಂದ ಸದಸ್ಯರಲ್ಲಿ ನಮ್ಮ ವಿನಂತಿ: ಆಕಳ ಕೊಳ್ಳುವಾಗ ಕೆಚ್ಚಲಿಗಿಂತ ಮೊದಲು ಟೊಂಕ ನೋಡ್ರಿ, ಮೈ ಬೆಳವಣಿಗೆ ನೋಡ್ರಿ, ಹಿಂದಿನ ಸೂಲಿನ ಕರು ಯಾವಾಗ ಹುಟ್ಟಿತು ಕೇಳ್ರಿ. ಮನೆಯಲ್ಲಿ ಒಂದು ವಹಿ ಇಟ್ಟು ಈದ ದಿನ, ಬೆದೆಯ ದಿನ, ಇಂಜೆಕ್ಷನ್ ದಿನ ಬರೆಯಿರಿ. ಬೆದೆ ಸುಮಾರು 21 ದಿನಕ್ಕೊಮ್ಮೆ ಬರುತ್ತದೆ. ಮುಂಜಾನೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಮುಂಜಾನೆ ಇಂಜೆಕ್ಷನ್. ಎಮ್ಮೆಯದು ಮೂಕ ಬೆದೆ, ಇನ್ನೂ ಹೆಚ್ಚು ಲಕ್ಷ್ಯ ಬೇಕು. ಹಿರಿಯರು ಕೋಡಿನ ಮೇಲೆ ಓದುತ್ತಿದ್ದುದನ್ನು ನಾವು ವಹಿಯಲ್ಲಿ ಓದೋಣ. ಮುಂದಿನ ಇಪ್ಪತ್ತೈದು ವರ್ಷ ಪ್ರತಿ ಸದಸ್ಯರ ಕೊಟ್ಟಿಗೆಯಲ್ಲಿ ವರ್ಷಕ್ಕೊಂದು ಕರು ಆಡಲಿ ಎಂದು ಹಾರೈಸುತ್ತೇವೆ.