ಒಂದನೇ ನಂಬರೋ, ಎರಡನೇ ನಂಬರೋ?

ಪಕ್ಕದ ಮನೆಯ ಅಜ್ಜಿ ಅಟ್ಟ ಖಾಲಿ ಮಾಡಿಸುವಾಗ ನಮ್ಮನ್ನು ಸಹಾಯಕ್ಕೆ ಕರೆದಿದ್ದರು. ನಾವು ಬರ್ಮಿಂಗ್‌ಹ್ಯಾಮಿಗೆ ಬಂದ ಮೊದಲ ಚಳಿಗಾಲದಲ್ಲಿ ನಮ್ಮ ಬಾಯ್ಲರ್ ಕೆಟ್ಟಾಗ ಬಕೆಟ್ಟಿನಲ್ಲಿ ಬಿಸಿನೀರು ಕೊಟ್ಟ ಮಹಾತಾಯಿ ಅವರು, ಇಲ್ಲವೆನ್ನಲು ಬಾಯಿ ಬರಲಿಲ್ಲ. ಹಳೆಯ ಪರದೆಗಳ ಕೆಳಗೆ ಒಂದು ರಟ್ಟಿನ ಪೆಟ್ಟಿಗೆ ಸಿಕ್ಕಿತು. ಒಳಗೆ ಕಪ್ಪು ಲೋಹದ ಪಿಸ್ತೂಲು, ಜೊತೆಗೊಂದು ತಗಡಿನ ಡಬ್ಬಿಯಲ್ಲಿ ಸೀಸದ ಗುಂಡುಗಳು. ನಮ್ಮೆದೆ ಒಮ್ಮೆ ಧಸಕ್ಕೆಂದಿತು. ಅಜ್ಜಿ ನಕ್ಕು, “ಹೆದರಬೇಡಿ, ಗಾಳಿ ಪಿಸ್ತೂಲು, ನನ್ನ ಗಂಡನದು” ಎಂದರು. ಅದು ಇದೇ ಊರಿನ ವೆಬ್ಲಿ ಕಂಪನಿಯ ‘ಸೀನಿಯರ್’.

ನಮ್ಮ ಮಗಳು ಕ್ಲಬ್ಬೊಂದರಲ್ಲಿ ಏರ್ ಪಿಸ್ತೂಲು ಕಲಿಯುತ್ತಿದ್ದಾಳೆ. ನಳಿಗೆಯ ಮೇಲಿನ ಅಂಕಿ ನೋಡಿದವಳೇ, “ಅಪ್ಪಾ, ಇದು ಟೂ-ಟೂ, ನಮ್ಮ ಕ್ಲಬ್ಬಲ್ಲಿ ನಡೆಯೋದೇ ಇಲ್ಲ” ಎಂದು ತೀರ್ಪು ಕೊಟ್ಟುಬಿಟ್ಟಳು. ಅದೇ ಪಿಸ್ತೂಲು, ಅದೇ ಸ್ಪ್ರಿಂಗು. ನಳಿಗೆಯ ತೂತು ಒಂದು ಮಿಲಿಮೀಟರ್ ದೊಡ್ಡದಾದರೆ ಏನು ಮಹಾ? ಪ್ರೋಗ್ರಾಮ್ ಬರೆದು ಹೊಟ್ಟೆ ಹೊರೆಯುವ ನಮಗೆ ಒಂದೇ ಕೆಲಸಕ್ಕೆ ಎರಡು ಸ್ಟ್ಯಾಂಡರ್ಡುಗಳನ್ನು ಕಂಡರೆ ತಲೆ ಕೆಡುತ್ತದೆ. ಹುಡುಕಲು ಕೂತೆವು.

ಕಥೆ ಶುರುವಾಗುವುದು ಪಿಸ್ತೂಲಿನಿಂದಲ್ಲ, ಬಂದೂಕಿನಿಂದ. ಬರ್ಮಿಂಗ್‌ಹ್ಯಾಮಿನ ಲಿಂಕನ್ ಜೆಫ್ರೀಸ್ ಎಂಬ ಕೋವಿ ತಯಾರಕ 1904ರಲ್ಲಿ ಗಾಳಿ ಬಂದೂಕೊಂದಕ್ಕೆ ಪೇಟೆಂಟ್ ಪಡೆದ. ಮರುವರ್ಷ ಬಿಎಸ್‌ಎ ಕಾರ್ಖಾನೆ ಅದನ್ನು ಮಾರುಕಟ್ಟೆಗೆ ತಂದಿತು. ಸುತ್ತಮುತ್ತಲಿನ ಪಬ್ಬುಗಳಲ್ಲಿ ‘ಬೆಲ್ ಟಾರ್ಗೆಟ್’ ಎಂಬ ಆಟ ಜೋರಾಯಿತು. ಆರು ಗಜ ದೂರದಲ್ಲಿ ಕಬ್ಬಿಣದ ಫಲಕ, ನಡುವೆ ಮುಕ್ಕಾಲು ಬೆರಳಗಲವೂ ಇಲ್ಲದ ತೂತು, ಹಿಂದೆ ಗಂಟೆ. ಗುಂಡು ಒಳಹೊಕ್ಕರೆ ‘ಠಣ್’! ನಮ್ಮೂರ ಜಾತ್ರೆಯ ಬಲೂನು ಹೊಡೆಯುವ ಅಂಗಡಿಯ ಅಣ್ಣ ಎನ್ನಿ, ಕೈಯಲ್ಲಿ ಬಿಯರ್ ಲೋಟವೊಂದು ಹೆಚ್ಚು. ಆಗಿನವರು 0.177 ಇಂಚಿನ, ಅಂದರೆ 4.5 ಮಿ.ಮೀ. ಅಳತೆಯನ್ನು ‘ನಂಬರ್ ಒಂದು’ ಎಂದೂ 0.22 ಇಂಚಿನ, ಅಂದರೆ 5.5 ಮಿ.ಮೀ. ಅಳತೆಯನ್ನು ‘ನಂಬರ್ ಎರಡು’ ಎಂದೂ ಕರೆದರು. ಒಂದು ಗುರಿಗೆ, ಇನ್ನೊಂದು ಇಲಿ, ಮೊಲ, ಪಾರಿವಾಳಗಳಿಗೆ. ಬಂದೂಕಿನ ಮಟ್ಟಿಗೆ ಆ ಹಂಚಿಕೆ ಸರಿಯೇ.

ಪಿಸ್ತೂಲು ಬಂದದ್ದು ಕಾನೂನಿನ ಹಿಂಬಾಗಿಲಿನಿಂದ. ಮೊದಲ ಮಹಾಯುದ್ಧ ಮುಗಿದಿತ್ತು. ಸೈನಿಕರ ಕೈಯಲ್ಲಿ ಉಳಿದ ಆಯುಧಗಳು, ಮುಷ್ಕರಗಳು, ರಷ್ಯಾದ ಕ್ರಾಂತಿಯ ಸುದ್ದಿ, ಎಲ್ಲ ಸೇರಿ ಬ್ರಿಟಿಷ್ ಸರ್ಕಾರಕ್ಕೆ ನಡುಕ ಹುಟ್ಟಿಸಿದ್ದವು. 1920ರ ಕಾಯ್ದೆ ಪಿಸ್ತೂಲು ಬೇಕಾದವರು ಪೊಲೀಸರಿಂದ ಪ್ರಮಾಣಪತ್ರ ತರಬೇಕೆಂದಿತು. ಸಾಮಾನ್ಯ ಗಾಳಿ ಆಯುಧಗಳನ್ನು ಮಾತ್ರ ಹೊರಗಿಟ್ಟಿತು. 1887ರಿಂದ ಸೈನ್ಯಕ್ಕೆ ರಿವಾಲ್ವರ್ ಒದಗಿಸಿದ್ದ ವೆಬ್ಲಿ 1924ರಲ್ಲಿ ತನ್ನ ಮೊದಲ ಗಾಳಿ ಪಿಸ್ತೂಲು ಹೊರತಂದಿತು. ಅದರ ವಿನ್ಯಾಸ ಜಾಣತನದ್ದು. ಕೆಳಗೆ ಸಿಲಿಂಡರು, ಮೇಲೆ ನಳಿಗೆ. ನಳಿಗೆಯನ್ನೇ ಸನ್ನೆಯಂತೆ ಎತ್ತಿ ಮುಂದಕ್ಕೆ ಮಡಚಿದರೆ ಸ್ಪ್ರಿಂಗ್ ಬಿಗಿಯಾಗುತ್ತದೆ. ಟ್ರಿಗರ್ ಎಳೆದಾಗ ಪಿಸ್ಟನ್ ಮುಂದಕ್ಕಲ್ಲ, ಹೊಡೆಯುವವನ ಕಡೆಗೇ ನುಗ್ಗಿ ಗಾಳಿಯನ್ನು ಒತ್ತುತ್ತದೆ. ಹೀಗಾಗಿ ಸಣ್ಣ ಪಿಸ್ತೂಲಿನಲ್ಲೂ ಉದ್ದದ ನಳಿಗೆ ಹಿಡಿಸಿತು.

ಬಂದೂಕಿನ ಎರಡು ನಂಬರುಗಳೂ ಇದಕ್ಕೆ ಹಾಗೇ ಬಂದವು. ಗಂಟು ಬಿದ್ದದ್ದು ಇಲ್ಲೇ. ಒಂದು ಲೆಕ್ಕ ಹಾಕಿ ನೋಡೋಣ (ಅಭ್ಯಾಸಬಲ, ಕ್ಷಮಿಸಿ). ಕೈಯಲ್ಲಿ ಮಡಚಬಹುದಾದ ಸ್ಪ್ರಿಂಗು ಗುಂಡಿಗೆ ನಾಲ್ಕು ಜೂಲ್ ಶಕ್ತಿ ಕೊಟ್ಟಿತು ಎಂದುಕೊಳ್ಳಿ. ಅರ್ಧ ಗ್ರಾಮಿನ ಸಣ್ಣ ಗುಂಡು ಸೆಕೆಂಡಿಗೆ ಸುಮಾರು 126 ಮೀಟರ್ ವೇಗದಲ್ಲಿ ಹೊರಡುತ್ತದೆ, 0.9 ಗ್ರಾಮಿನ ದೊಡ್ಡದು 94. ಹತ್ತು ಮೀಟರ್ ದಾಟುವಷ್ಟರಲ್ಲಿ ಸಣ್ಣದು ಮೂರು ಸೆಂಟಿಮೀಟರ್ ಇಳಿದರೆ ದೊಡ್ಡದು ಐದೂವರೆ. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದು. ಗುಂಡು ನಳಿಗೆ ಬಿಡುವ ಮೊದಲೇ ಪಿಸ್ಟನ್ನಿನ ಹೊಡೆತಕ್ಕೆ ಪಿಸ್ತೂಲು ಕೈಯಲ್ಲಿ ಕುಲುಕುತ್ತದೆ. ನಿಧಾನದ ಗುಂಡು ಒಳಗೇ ಹೆಚ್ಚು ಹೊತ್ತಿದ್ದು ಆ ಕುಲುಕಾಟವನ್ನೆಲ್ಲ ಹೊತ್ತುಕೊಂಡು ಹೋಗುತ್ತದೆ.

ದೊಡ್ಡ ಗುಂಡಿನ ಪರವಾಗಿ ಮಾತೇ ಇಲ್ಲವೆಂದಲ್ಲ. ಅದರ ಬೆನ್ನಿಗೆ ಒಂದೂವರೆ ಪಟ್ಟು ಜಾಗವಿದೆ, ಅದೇ ಗಾಳಿಯಿಂದ ತುಸು ಹೆಚ್ಚು ಶಕ್ತಿ ಹೀರಬಲ್ಲದು. ಚಳಿಗೆ ಮರಗಟ್ಟಿದ ಬೆರಳಿಗೆ ಹಿಡಿಯಲು ಸುಲಭ. ಖಾಲಿ ಡಬ್ಬಿಗೆ ತಗುಲಿದರೆ ಸದ್ದೂ ಜೋರು. ಆದರೆ ನಂಬರ್ ಎರಡು ಹೊತ್ತು ತಂದ ‘ಬೇಟೆಯ ಗುಂಡು’ ಎಂಬ ಹೆಸರಿಗೆ ತಕ್ಕ ಶಕ್ತಿ ಈ ಸ್ಪ್ರಿಂಗಿನಲ್ಲಿ ಇಲ್ಲವೇ ಇಲ್ಲ. ಇಂಗ್ಲೆಂಡಿನಲ್ಲಿ 1969ರ ನಿಯಮಗಳು ಬಂದೂಕಿಗೆ 12 ಅಡಿ-ಪೌಂಡ್, ಪಿಸ್ತೂಲಿಗೆ ಆರು ಎಂದು ಗೆರೆ ಎಳೆದವು. ನಮ್ಮ ನಾಲ್ಕು ಜೂಲ್ ಎಂದರೆ ಮೂರು ಅಡಿ-ಪೌಂಡ್ ಮಾತ್ರ, ಆ ಗೆರೆಯ ಅರ್ಧ!

ಕ್ರೀಡೆಯ ಕಡೆ ಪ್ರಶ್ನೆ ಬೇರೆ ರೀತಿಯಲ್ಲಿ ಬಗೆಹರಿಯಿತು. ಗುಂಡು ಗುರಿಹಾಳೆಯ ಗೆರೆ ಮುಟ್ಟಿದರೂ ಹೆಚ್ಚಿನ ಅಂಕ ಸಿಗುವುದರಿಂದ ದಪ್ಪ ಗುಂಡಿನವನಿಗೆ ಪುಕ್ಕಟೆ ಲಾಭ; ಎಲ್ಲರಿಗೂ 4.5 ಎಂದಾಯಿತು. ಜರ್ಮನಿಯ ಫೈನ್‌ವರ್ಕ್‌ಬೌ 1965ರಲ್ಲಿ ತಂದ ‘65’ ಮಾದರಿ ಸ್ಪ್ರಿಂಗಿನ ಕುಲುಕಾಟವನ್ನೇ ನುಂಗಿಹಾಕಿತು: ಹೊಡೆದಾಗ ನಳಿಗೆ, ಸಿಲಿಂಡರ್ ಒಟ್ಟಿಗೆ ಹಳಿಯ ಮೇಲೆ ಹಿಂದಕ್ಕೆ ಜಾರುತ್ತವೆ, ಹಿಡಿದ ಕೈಗೆ ಗೊತ್ತೇ ಆಗುವುದಿಲ್ಲ. 1988ರ ಸೋಲ್‌ನಲ್ಲಿ ಹತ್ತು ಮೀಟರ್ ಏರ್ ಪಿಸ್ತೂಲು ಒಲಿಂಪಿಕ್ಸ್ ಸೇರಿತು. ಮುಂದೆ ಸ್ಪ್ರಿಂಗಿನ ಜಾಗಕ್ಕೆ ಒತ್ತಿ ತುಂಬಿದ ಗಾಳಿ ಬಂದರೂ ಅಳತೆ ಬದಲಾಗಲಿಲ್ಲ. 2024ರಲ್ಲಿ ಪ್ಯಾರಿಸ್ಸಿನಲ್ಲಿ ಮನು ಭಾಕರ್ ಕಂಚು ಗೆದ್ದದ್ದೂ ನಂಬರ್ ಒಂದರಲ್ಲೇ. ಭಾರತದ 2016ರ ಆಯುಧ ನಿಯಮಗಳೂ 4.5 ಮಿ.ಮೀ. ಮೀರಿದ ಗಾಳಿ ಬಂದೂಕಿಗೆ ಪರವಾನಗಿ ಕೇಳುತ್ತವೆ. ಕಾಗದಕ್ಕೆ ಹೊಡೆಯಲು ಸ್ಪ್ರಿಂಗ್ ಪಿಸ್ತೂಲು ಕೊಳ್ಳುವವರಿಗೆ ನಾವೂ ಅದನ್ನೇ ಹೇಳುತ್ತೇವೆ.

ಇಷ್ಟೆಲ್ಲ ತಿಳಿದ ಮೇಲೆ ಒಂದು ಸಂಜೆ ಅಜ್ಜಿಯನ್ನು ಕೇಳಿದೆವು, ಯಜಮಾನರು ಟೂ-ಟೂ ಏಕೆ ಆರಿಸಿದರು ಎಂದು. ಕಲ್ಲಿದ್ದಲ ಗೂಡಿನಲ್ಲಿ ಇಲಿ ಕಾಟವಿತ್ತಂತೆ. ದೊಡ್ಡದೇ ಒಳ್ಳೆಯದೆಂದು ಅಂಗಡಿಯವನು ಹೇಳಿದನಂತೆ. ಇಲಿ ಒಂದೂ ಸಿಗಲಿಲ್ಲ. ಒಂದು ಭಾನುವಾರ ಹಿತ್ತಲಿನ ಬೇಲಿಯ ಮೇಲೆ ಕೂತಿದ್ದ ಪಾರಿವಾಳಕ್ಕೆ ಗುರಿಯಿಟ್ಟರು. ಗುಂಡು ತಗುಲಿತು, ಹಕ್ಕಿ ಸಾಯಲಿಲ್ಲ. ರೆಕ್ಕೆ ಎಳೆದುಕೊಂಡು ಗೂಡಿನ ಹಿಂದೆ ಸೇರಿತು. ಕತ್ತಲಾಗುವವರೆಗೂ ಅವರು ಟಾರ್ಚು ಹಿಡಿದು ಹುಡುಕುತ್ತಿದ್ದರು, ಸಿಗಲಿಲ್ಲ. ರಾತ್ರಿ ಊಟ ಮಾಡಲಿಲ್ಲ ಎಂದರು ಅಜ್ಜಿ.

ಪಿಸ್ತೂಲನ್ನು ನಾವೇ ಪೊಲೀಸ್ ಠಾಣೆಗೆ ಒಪ್ಪಿಸಿ ಬಂದೆವು. ಡಬ್ಬಿಯ ಮುಚ್ಚಳ ತೆರೆದು ನೋಡಿದಾಗ ಗುಂಡುಗಳು ಹೆಚ್ಚುಕಡಿಮೆ ತುಂಬಿಯೇ ಇದ್ದವು.