ಹೇಮಾವತಿಯ ನೀರು, ತಿಲಕ್ ಮಾರ್ಗದ ತೀರ್ಪು

ಗೊರೂರಿನ ಹೇಮಾವತಿ ಅಣೆಕಟ್ಟೆಯಿಂದ ಹೊರಡುವ ಎಡದಂಡೆ ನಾಲೆ ಚನ್ನರಾಯಪಟ್ಟಣ ಸೀಮೆಯನ್ನು ಹಾದು ತುಮಕೂರಿನತ್ತ ಸಾಗುತ್ತದೆ. ಬಲದಂಡೆ ಮತ್ತು ಬಲ ಮೇಲ್ದಂಡೆ ನಾಲೆಗಳು ಹೊಳೆನರಸೀಪುರ, ಅರಕಲಗೂಡು ಭಾಗದ ಅಚ್ಚುಕಟ್ಟಿಗೆ ನೀರುಣಿಸುತ್ತವೆ. ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ಕಾವೇರಿಯೇ ಹರಿಯುತ್ತಾಳೆ. ನಾಲೆಗೆ ಯಾವಾಗ ನೀರು ಬಿಡಬೇಕೆಂಬುದನ್ನು ನೀರಾವರಿ ಸಲಹಾ ಸಮಿತಿ ತೀರ್ಮಾನಿಸಬಹುದು. ಆದರೆ ಹೇಮಾವತಿಯೂ ಸೇರುವ ಕಾವೇರಿಯಲ್ಲಿ ರಾಜ್ಯದ ಪಾಲಿಗೆ ಒಟ್ಟು ಎಷ್ಟು ನೀರು ಎಂಬುದನ್ನು ಗೊತ್ತುಮಾಡಿರುವುದು ದೆಹಲಿಯ ತಿಲಕ್ ಮಾರ್ಗದಲ್ಲಿರುವ ಸುಪ್ರೀಂ ಕೋರ್ಟ್. ಹೀಗಾಗಿ ಆ ನ್ಯಾಯಾಲಯದ ಮೇಲಿನ ನಂಬಿಕೆ ಇಲ್ಲಿನ ರೈತರಿಗೆ ಭತ್ತದ ನಾಟಿಯಷ್ಟೇ ಹತ್ತಿರದ ವಿಷಯ.

ಆ ನಂಬಿಕೆಯ ಚರಿತ್ರೆಯಲ್ಲಿ ಕನ್ನಡಿಗರ ಹೆಸರುಗಳು ಮತ್ತೆ ಮತ್ತೆ ಬರುತ್ತವೆ. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮೀಜಿ ಹೂಡಿದ ಮೊಕದ್ದಮೆಯಲ್ಲಿ 1973ರ ಏಪ್ರಿಲ್ 24ರಂದು 13 ನ್ಯಾಯಮೂರ್ತಿಗಳ ಪೀಠವು, ಸಂವಿಧಾನದ ಮೂಲಸ್ವರೂಪವನ್ನು ಸಂಸತ್ತೂ ಅಳಿಸಲಾಗದೆಂದು 7–6ರ ಬಹುಮತದಿಂದ ಹೇಳಿತು.

ಮೂರೇ ವರ್ಷದಲ್ಲಿ ಅದೇ ನ್ಯಾಯಾಲಯ ಜನರ ಕೈಬಿಟ್ಟಿತು. ತುರ್ತು ಪರಿಸ್ಥಿತಿಯಲ್ಲಿ ಹೊಳೆನರಸೀಪುರದ ಶಾಸಕ ಎಚ್.ಡಿ. ದೇವೇಗೌಡರೂ ಸೇರಿದಂತೆ ಅನೇಕ ವಿರೋಧಿ ನಾಯಕರು ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿದ್ದರು. 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟ್, ಬಂಧನವನ್ನು ಪ್ರಶ್ನಿಸಿ ನ್ಯಾಯಾಲಯಕ್ಕೆ ಹೋಗುವ ಹಕ್ಕೇ ಬಂಧಿತರಿಗಿಲ್ಲ ಎಂದಿತು. ಐವರಲ್ಲಿ ನ್ಯಾಯಮೂರ್ತಿ ಎಚ್.ಆರ್. ಖನ್ನಾ ಒಬ್ಬರೇ ಭಿನ್ನಮತ ಬರೆದರು. ಆ ಕಳಂಕ ತೊಳೆಯಲು 41 ವರ್ಷ ಬೇಕಾಯಿತು. ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ್ದ ಖಾಸಗಿತನದ ಮೊಕದ್ದಮೆಯಲ್ಲಿ, 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ 1976ರ ತೀರ್ಪು ತಪ್ಪೆಂದು ಬಾಯಿಬಿಟ್ಟು ಹೇಳಿ ಅದನ್ನು ತಳ್ಳಿಹಾಕಿತು. ಈ ನಡುವೆ 1994ರ ಎಸ್.ಆರ್. ಬೊಮ್ಮಾಯಿ ಪ್ರಕರಣದ ತೀರ್ಪು, ಸರ್ಕಾರದ ಬಹುಮತ ಸಾಬೀತಾಗಬೇಕಾದ್ದು ಸದನದಲ್ಲೇ ಹೊರತು ರಾಜಭವನದಲ್ಲಲ್ಲ ಎಂದು ಸ್ಪಷ್ಟಪಡಿಸಿತ್ತು.

ಸಂವಿಧಾನದ ಪ್ರಶ್ನೆಗಳಲ್ಲಿ ಗಳಿಸಿದ ಗೌರವ ನೀರಿನ ಪ್ರಶ್ನೆಯಲ್ಲಿ ತಾನಾಗಿ ಒದಗಲಿಲ್ಲ. ಮೈಸೂರು–ಮದ್ರಾಸುಗಳ ನಡುವಿನ 1924ರ ಕಾವೇರಿ ಒಪ್ಪಂದ 50 ವರ್ಷದ ಬಳಿಕ ಮರುಪರಿಶೀಲನೆಗೆ ಬರಬೇಕಿತ್ತು. ಆ ಹೊತ್ತಿಗೆ ಗೊರೂರಿನ ಅಣೆಕಟ್ಟೆಯ ಕೆಲಸ ನಡೆದಿತ್ತು, ತಮಿಳುನಾಡು ಅದನ್ನು ವಿರೋಧಿಸುತ್ತಿತ್ತು. ಸುಪ್ರೀಂ ಕೋರ್ಟ್ ಸೂಚನೆಯಂತೆ 1990ರ ಜೂನ್ 2ರಂದು ಕಾವೇರಿ ನ್ಯಾಯಮಂಡಳಿ ರಚನೆಯಾಯಿತು. ಮರುವರ್ಷ ತಮಿಳುನಾಡಿಗೆ 205 ಟಿಎಂಸಿ ಅಡಿ ನೀರು ಬಿಡಬೇಕೆಂಬ ಮಧ್ಯಂತರ ಆದೇಶ ಬಂತು. ಅದನ್ನು ತಡೆಯಲು ರಾಜ್ಯ ತಂದ ಸುಗ್ರೀವಾಜ್ಞೆ ಸಂವಿಧಾನಬಾಹಿರವೆಂದು 1991ರ ನವೆಂಬರ್ 22ರಂದು ಸುಪ್ರೀಂ ಕೋರ್ಟ್ ಅಭಿಪ್ರಾಯಪಟ್ಟಿತು. ಡಿಸೆಂಬರಿನಲ್ಲಿ ಬೆಂಗಳೂರು ಹೊತ್ತಿ ಉರಿಯಿತು.

2016ರ ಸೆಪ್ಟೆಂಬರ್‌ ಇನ್ನೂ ಕಠಿಣವಾಗಿತ್ತು. ಮಳೆ ಕೈಕೊಟ್ಟ ವರ್ಷ ಅದು. 10 ದಿನಗಳ ಕಾಲ 15,000 ಕ್ಯೂಸೆಕ್‌ನಂತೆ ನೀರು ಬಿಡಿ ಎಂಬ ಸುಪ್ರೀಂ ಕೋರ್ಟ್ ಆದೇಶ ಸೆಪ್ಟೆಂಬರ್ 5ರಂದು ಬಂತು. 12ರಂದು ಅದು 12,000ಕ್ಕೆ ಇಳಿಯಿತಾದರೂ ಅದೇ ದಿನ ಬೆಂಗಳೂರಿನಲ್ಲಿ ಹಿಂಸಾಚಾರ ನಡೆಯಿತು. ಕುಡಿಯುವುದಕ್ಕಷ್ಟೇ ನೀರು ಎಂದು ವಿಧಾನಮಂಡಲ ನಿರ್ಣಯ ಮಾಡಿತು. ರಾಜ್ಯದ ಪರ ವಕೀಲ ಫಾಲಿ ನರಿಮನ್, ಆದೇಶ ಪಾಲನೆಯಾಗದೆ ತಾನು ವಾದಿಸಲಾರೆ ಎಂದರು. ಕಾವೇರಿ ನಿರ್ವಹಣಾ ಮಂಡಳಿಯನ್ನು ನಾಲ್ಕೇ ದಿನದಲ್ಲಿ ರಚಿಸಬೇಕೆಂಬ ಸೂಚನೆ ಹೊರಬಿದ್ದಾಗ ದೇವೇಗೌಡರು ವಿಧಾನಸೌಧದ ಗಾಂಧಿ ಪ್ರತಿಮೆಯ ಬಳಿ ಉಪವಾಸ ಕೂತರು. ಕೇಂದ್ರದ ಆಕ್ಷೇಪ ಕೇಳಿದ ನ್ಯಾಯಾಲಯ ಆ ಸೂಚನೆಯನ್ನು ತಡೆಹಿಡಿದು, ಜಲಾಶಯಗಳ ಸ್ಥಿತಿ ನೋಡಿಬರಲು ತಜ್ಞರ ತಂಡವನ್ನು ಕಳುಹಿಸಿತು. ಆತುರದ ಆದೇಶಕ್ಕಿಂತ ಸ್ಥಳಕ್ಕೆ ಬಂದು ಲೆಕ್ಕ ಹಾಕುವುದು ಹೆಚ್ಚು ಗೌರವ ತರುತ್ತದೆಂಬುದು ಅಂದು ರುಜುವಾತಾಯಿತು.

2018ರ ಫೆಬ್ರವರಿ 16ರ ಅಂತಿಮ ತೀರ್ಪು ಕೂಡ ಲೆಕ್ಕದ ಮೇಲೆ ನಿಂತಿತ್ತು. ತಮಿಳುನಾಡಿನ ಅಂತರ್ಜಲವನ್ನು ನ್ಯಾಯಮಂಡಳಿ ತನ್ನ ಹಂಚಿಕೆಯಲ್ಲಿ ಗಣನೆಗೆ ತೆಗೆದುಕೊಂಡಿರಲಿಲ್ಲ ಎಂದು ನ್ಯಾಯಾಲಯ ಕಾರಣ ಕೊಟ್ಟು 10 ಟಿಎಂಸಿ ಅಡಿಯನ್ನೂ, ಬೆಂಗಳೂರಿನ ಕುಡಿಯುವ ನೀರಿಗೆಂದು 4.75 ಟಿಎಂಸಿ ಅಡಿಯನ್ನೂ ಕರ್ನಾಟಕಕ್ಕೆ ಸೇರಿಸಿತು. ರಾಜ್ಯದ ಪಾಲು 270ರಿಂದ 284.75ಕ್ಕೇರಿತು, ತಮಿಳುನಾಡಿನದು 404.25ಕ್ಕಿಳಿಯಿತು. ನದಿ ಯಾವ ಒಂದು ರಾಜ್ಯದ ಸ್ವತ್ತೂ ಅಲ್ಲವೆಂದೂ ತೀರ್ಪು ಹೇಳಿತು. ಈ ಬಾರಿ 1991ರ, 2016ರ ಬೆಂಕಿ ಕಾಣಲಿಲ್ಲ. ಸಿಕ್ಕ ನೀರು ಹೆಚ್ಚಾದದ್ದು ಅದಕ್ಕೊಂದು ಕಾರಣ ನಿಜ. ಯಾವ ಲೆಕ್ಕದಿಂದ ಹೆಚ್ಚಾಯಿತೆಂದು ಯಾರು ಬೇಕಾದರೂ ನೋಡಬಹುದಾಗಿದ್ದುದು ಇನ್ನೊಂದು. 2023ರ ಬರದಲ್ಲಿ ಕಾವೇರಿ ಜಲ ನಿರ್ವಹಣಾ ಪ್ರಾಧಿಕಾರದ 5,000 ಕ್ಯೂಸೆಕ್ ಆದೇಶದಲ್ಲಿ ಕೈಹಾಕಲು ಸುಪ್ರೀಂ ಕೋರ್ಟ್ ಒಪ್ಪದಿದ್ದಾಗ ಬಂದ್‌ಗಳು ನಡೆದವು, ಆದರೆ 1991 ಮರುಕಳಿಸಲಿಲ್ಲ.

ನ್ಯಾಯಾಲಯವೂ ಬಾಗಿಲು ತೆರೆಯುತ್ತಾ ಬಂದಿದೆ. 2022ರ ಸೆಪ್ಟೆಂಬರ್ 27ರಿಂದ ಸಂವಿಧಾನ ಪೀಠದ ಕಲಾಪ ನೇರಪ್ರಸಾರವಾಗುತ್ತಿದೆ. 2025ರ ಮೇ ತಿಂಗಳಲ್ಲಿ ನ್ಯಾಯಮೂರ್ತಿಗಳ ಆಸ್ತಿ ವಿವರಗಳು ಪ್ರಕಟವಾದವು. 2023ರಿಂದ ತೀರ್ಪುಗಳು ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಲ್ಲಿ ಸಿಗತೊಡಗಿವೆ.

ಆದರೂ ಸಂವಿಧಾನದ 348ನೇ ವಿಧಿಯಂತೆ ಸುಪ್ರೀಂ ಕೋರ್ಟಿನ ಭಾಷೆ ಇಂಗ್ಲಿಷೇ. ಬರದ ವರ್ಷದ ಮುಂದಿನ ಆದೇಶ ಅರಕಲಗೂಡಿಗೋ ಚನ್ನರಾಯಪಟ್ಟಣಕ್ಕೋ ತಲುಪುವುದು ಟಿವಿಯ ಅರೆಬರೆ ಸುದ್ದಿಯಾಗಿ, ಕಾರಣಗಳನ್ನು ಕಳೆದುಕೊಂಡು. ನೀರು ಬಿಡಲು ಹೇಳುವ ಪ್ರತಿ ಆದೇಶದ ಕನ್ನಡ ಪಠ್ಯ, ಕಾರಣಗಳ ಸಮೇತ, ಅಂದೇ ಹೊರಬೀಳಬೇಕು. ಅದನ್ನು ಗ್ರಾಮ ಪಂಚಾಯಿತಿಗಳಿಗೆ ಮುಟ್ಟಿಸುವ ಹೊಣೆಯನ್ನು ರಾಜ್ಯ ಸರ್ಕಾರ ಹೊರಬೇಕು. ಹಾಸನದ ವಕೀಲರು, ರೈತ ಸಂಘಗಳು ಈ ಬೇಡಿಕೆಯನ್ನು ಮುಂದಿನ ಬರಕ್ಕೆ ಮೊದಲೇ ಎತ್ತಬೇಕು.