ಟಾರ್ಚ್: ದೊಡ್ಡ ಹಿತ್ತಲಿಗೆ ತಕ್ಕ ಆಯ್ಕೆ

ಕೈಯಲ್ಲಿ ಹಿಡಿದು ಒಯ್ಯಬಹುದಾದ, ಬ್ಯಾಟರಿಯಿಂದ ಉರಿಯುವ ವಿದ್ಯುತ್ ದೀಪ ಟಾರ್ಚ್. ಪೇಟೆಯ ಮನೆಯಲ್ಲಿ ಕರೆಂಟು ಹೋದಾಗ ಮೊಬೈಲಿನ ಬೆಳಕೇ ಸಾಕಾಗುತ್ತದೆ. ಮಲೆನಾಡು, ಕರಾವಳಿಯ ಒಂಟಿ ಮನೆಗಳ ಲೆಕ್ಕ ಬೇರೆ. ಅಲ್ಲಿ ಹಿಂಬಾಗಿಲು ತೆರೆದರೆ ಬಾವಿಕಟ್ಟೆ, ಕೊಟ್ಟಿಗೆ, ಗೊಬ್ಬರಗುಂಡಿ; ಅದರಾಚೆ ಅಡಿಕೆ ತೋಟ, ತೋಟದಾಚೆ ಕಾಡು. ನಡುರಾತ್ರಿ ನಾಯಿ ಒಂದೇ ಸಮನೆ ಬೊಗಳಿದರೆ ಬಂದದ್ದು ಮುಳ್ಳುಹಂದಿಯೋ ಚಿರತೆಯೋ ಎಂಬುದು ಮೆಟ್ಟಿಲು ಇಳಿಯುವ ಮೊದಲೇ ತಿಳಿಯಬೇಕು. ಇಂಥ ಹಿತ್ತಲಿಗೆಂದು ಟಾರ್ಚ್ ಕೊಳ್ಳುವವರು ಸಾಮಾನ್ಯವಾಗಿ ಡಬ್ಬಿಯ ಮೇಲಿನ ಲುಮೆನ್ ಸಂಖ್ಯೆಗೆ ಮರುಳಾಗುತ್ತಾರೆ. ಆದರೆ ದೂರದ ಬೇಲಿ ಕಾಣುವುದೂ ಕಾಣದಿರುವುದೂ ನಿಂತಿರುವುದು ಅದೇ ಡಬ್ಬಿಯ ಮೂಲೆಯಲ್ಲಿ ಸಣ್ಣದಾಗಿ ಅಚ್ಚಾದ ಕ್ಯಾಂಡೆಲಾ ಎಂಬ ಅಂಕಿಯ ಮೇಲೆ.

1899ರ ಜನವರಿ 10ರಂದು ಅಮೆರಿಕದಲ್ಲಿ ಡೇವಿಡ್ ಮಿಸೆಲ್ ಎಂಬಾತನ ಹೆಸರಿಗೆ ಕೊಳವೆಯಾಕಾರದ ಟಾರ್ಚಿನ ಪೇಟೆಂಟ್ ಸಿಕ್ಕಿತು. ಅದನ್ನು ಮಾರುಕಟ್ಟೆಗೆ ತಂದದ್ದು ಕಾನ್ರಾಡ್ ಹ್ಯೂಬರ್ಟ್‌ನ ಕಂಪನಿ. ಆಗಿನ ಶೆಲ್ಲಿಗೂ ಇಂಗಾಲದ ಎಳೆಯ ಬಲ್ಬಿಗೂ ಕ್ಷಣಕಾಲ ಮಿನುಗಿ ಸುಸ್ತಾಗುವಷ್ಟೇ ತ್ರಾಣ. ಟಂಗ್‌ಸ್ಟನ್ ಎಳೆ ಬಂದ ಮೇಲೆ ಟಾರ್ಚ್ ನಂಬಿಕೆಯ ವಸ್ತುವಾಯಿತು. ನಮ್ಮ ಹಳ್ಳಿಗಳಲ್ಲಿ ತೆಂಗಿನ ಗರಿಯ ಸೂಡಿ ಮತ್ತು ಲಾಟೀನನ್ನು ಹಿಂದೆ ಸರಿಸಿದ್ದು ಎರಡು ಅಥವಾ ಮೂರು ದಪ್ಪ ಶೆಲ್ಲಿನ ಲೋಹದ ಟಾರ್ಚುಗಳು. ಎವರೆಡಿಯ ಹಿತ್ತಾಳೆಯ ‘ಜೀವನ್ ಸಾಥಿ’ ಇವುಗಳಲ್ಲೊಂದು. ಅವು ಕೊಡುತ್ತಿದ್ದದ್ದು ಹೆಚ್ಚೆಂದರೆ ಕೆಲವು ಹತ್ತು ಲುಮೆನ್. ಆದರೂ ತೆಂಗಿನ ಮರದ ತುದಿ ಕಾಣುತ್ತಿತ್ತು ಎಂದು ಹಿರಿಯರು ಹೇಳುವುದು ಸುಳ್ಳಲ್ಲ. ಹೊಳೆಯುವ ಬಟ್ಟಲಿನಂಥ ರಿಫ್ಲೆಕ್ಟರ್ ಆ ಅಲ್ಪ ಬೆಳಕನ್ನೆಲ್ಲ ಒಂದೇ ಕಡೆ ಕೂಡಿಸುತ್ತಿತ್ತು.

ಇಂದಿನ ಟಾರ್ಚಿನೊಳಗೆ ಎರಡು ನೊಬೆಲ್ ಪ್ರಶಸ್ತಿಗಳಿವೆ. ಬಿಳಿ ಎಲ್‌ಇಡಿಗೆ ದಾರಿಮಾಡಿದ ನೀಲಿ ಎಲ್‌ಇಡಿಗಾಗಿ ಅಕಾಸಾಕಿ, ಅಮಾನೊ, ನಕಾಮುರಾ ಅವರಿಗೆ 2014ರಲ್ಲಿ ಭೌತಶಾಸ್ತ್ರದ್ದು. ಲಿಥಿಯಂ ಅಯಾನ್ ಬ್ಯಾಟರಿಗಾಗಿ ಗುಡ್‌ಇನಫ್, ವಿಟಿಂಗ್‌ಹ್ಯಾಮ್, ಯೋಶಿನೊ ಅವರಿಗೆ 2019ರಲ್ಲಿ ರಸಾಯನಶಾಸ್ತ್ರದ್ದು. ಬೆಳಕು ಅಗ್ಗವಾಯಿತು, ಡಬ್ಬಿಯ ಮೇಲಿನ ಅಂಕಿಗಳು ಹುಚ್ಚೆದ್ದವು.

ಲುಮೆನ್ ಎಂದರೆ ಟಾರ್ಚ್ ಎಲ್ಲ ದಿಕ್ಕಿಗೂ ಸೇರಿ ಚೆಲ್ಲುವ ಒಟ್ಟು ಬೆಳಕು. ಕ್ಯಾಂಡೆಲಾ ಎಂದರೆ ಒಂದು ದಿಕ್ಕಿಗೆ ಅದು ಎಷ್ಟು ತೀವ್ರವಾಗಿ ಹೋಗುತ್ತದೆ ಎಂಬುದು. 2,000 ಲುಮೆನ್ನನ್ನು 120 ಡಿಗ್ರಿ ಅಗಲಕ್ಕೆ ಸಮನಾಗಿ ಹರಡಿದರೆ ಸಿಗುವುದು ಸುಮಾರು 640 ಕ್ಯಾಂಡೆಲಾ. ಅಂಗಳವೆಲ್ಲ ಹಗಲಾಗುತ್ತದೆ, ಬೇಲಿ ಕತ್ತಲಲ್ಲೇ ಉಳಿಯುತ್ತದೆ. 600 ಲುಮೆನ್ನಿನ ಇನ್ನೊಂದು ಟಾರ್ಚ್ ಆಳವಾದ ನುಣುಪು ರಿಫ್ಲೆಕ್ಟರಿನಿಂದ 40,000 ಕ್ಯಾಂಡೆಲಾ ಮುಟ್ಟಬಲ್ಲದು. ಅಂಗಡಿಯಲ್ಲಿ ಎರಡನ್ನೂ ಗೋಡೆಗೆ ಹಿಡಿದು ನೋಡಿದವರು ಮೊದಲನೆಯದನ್ನೇ ಮೆಚ್ಚಿ ಕೊಳ್ಳುತ್ತಾರೆ.

ಈ ಅಳತೆಗಳನ್ನು ಒಂದು ಶಿಸ್ತಿಗೆ ತಂದದ್ದು 2009ರಲ್ಲಿ ಅಮೆರಿಕದಲ್ಲಿ ಬಂದ ಎಫ್‌ಎಲ್-1 ಎಂಬ ಮಾನದಂಡ. ಫೀನಿಕ್ಸ್, ನೈಟ್‌ಕೋರ್‌ನಂಥ ತಯಾರಕರು ತಮ್ಮ ಡಬ್ಬಿಗಳ ಮೇಲೆ ಇದರ ಪ್ರಕಾರವೇ ಅಂಕಿಗಳನ್ನು ಕೊಡುತ್ತಾರೆ. ಬೆಳಕು 0.25 ಲಕ್ಸ್‌ಗೆ, ಅಂದರೆ ಬಯಲಿನಲ್ಲಿ ಬೀಳುವ ಹುಣ್ಣಿಮೆಯ ಬೆಳಕಿನಷ್ಟಕ್ಕೆ, ಇಳಿಯುವ ಜಾಗವೇ ಅದರಲ್ಲಿ ‘ಬೆಳಕಿನ ದೂರ’. ಲೆಕ್ಕ ಸುಲಭ: ಕ್ಯಾಂಡೆಲಾದ ವರ್ಗಮೂಲದ ಎರಡರಷ್ಟು ಮೀಟರ್. 10,000 ಕ್ಯಾಂಡೆಲಾಕ್ಕೆ 200 ಮೀಟರ್, 40,000ಕ್ಕೆ 400. ದೂರ ಇಮ್ಮಡಿಯಾಗಬೇಕಾದರೆ ತೀವ್ರತೆ ನಾಲ್ಕು ಪಟ್ಟಾಗಬೇಕು.

ಆದರೆ ಹುಣ್ಣಿಮೆಯ ಬೆಳಕಿನಲ್ಲಿ ಏನೋ ಇದೆ ಎಂದು ಗೊತ್ತಾಗುತ್ತದೆಯೇ ಹೊರತು ಅದು ಕರುವೋ ಕಾಡುಹಂದಿಯೋ ತಿಳಿಯುವುದಿಲ್ಲ. ಆದ್ದರಿಂದ ಡಬ್ಬಿಯ ದೂರದ ಕಾಲು ಭಾಗವನ್ನಷ್ಟೇ ನಂಬುವುದು ಒಳ್ಳೆಯದು; ಆ ದೂರದಲ್ಲಿ 4 ಲಕ್ಸ್ ಬೀಳುತ್ತದೆ, ಗುರುತು ಹಿಡಿಯಲು ಅಷ್ಟು ಸಾಕು. ಚೌಕಾಕಾರದ ಒಂದು ಎಕರೆಯ ಬದಿ ಸುಮಾರು 64 ಮೀಟರ್, ಮೂಲೆಯಿಂದ ಮೂಲೆಗೆ 90. ಒಂದು ಬದಿಯಿಂದ ಎದುರು ಬೇಲಿ ನೋಡಲು 250 ಮೀಟರಿನ, ಅಂದರೆ 15,000 ಕ್ಯಾಂಡೆಲಾ ದಾಟಿದ ಟಾರ್ಚ್ ಬೇಕು. ಮೂಲೆಯಿಂದ ಮೂಲೆಗಾದರೆ 30,000ಕ್ಕೂ ಮೇಲೆ. ಹತ್ತು ಗುಂಟೆಯ ಹಿತ್ತಲಿಗೆ, ಕರಾವಳಿಯ ಲೆಕ್ಕದಲ್ಲಿ 25 ಸೆಂಟ್ಸಿಗೆ, ಒಂದು ಬದಿಯಿಂದ ಎದುರು ಬೇಲಿ ನೋಡಲು ಸುಮಾರು 4,000 ಕ್ಯಾಂಡೆಲಾ ಸಾಕು. ಕೊಳ್ಳುವ ಮುಂಚೆ ಹಿಂಬಾಗಿಲಿನಿಂದ ಬೇಲಿಗೆ ಎಷ್ಟು ಹೆಜ್ಜೆ ಎಂದು ಅಳೆಯುವವರು ಕಡಿಮೆ.

ತೋಟದೊಳಗೆ ಈ ಲೆಕ್ಕವೂ ಕೆಡುತ್ತದೆ. ಅಡಿಕೆ ಮರಗಳನ್ನು ಸಾಮಾನ್ಯವಾಗಿ 2.7 ಮೀಟರ್ ಅಂತರದಲ್ಲಿ ನೆಡುತ್ತಾರೆ. ಹತ್ತಿರದ ಕಾಂಡಗಳಿಗೆ ಬಡಿದ ಬೆಳಕು ಕಣ್ಣಿಗೇ ಮರಳುತ್ತದೆ, ಪಾಪೆ ಕುಗ್ಗುತ್ತದೆ, ಆಚಿನದು ಇನ್ನಷ್ಟು ಕಪ್ಪಾಗುತ್ತದೆ. ಇಂಥಲ್ಲಿ ಕಿರಿದಾದ ಕಿರಣಕ್ಕಿಂತ ನಡುಮಟ್ಟದ ಹರವು ಉಪಯುಕ್ತ. ರಿಫ್ಲೆಕ್ಟರ್ ನುಣುಪಾಗಿದ್ದರೆ ಬೆಳಕು ದೂರ ಹೋಗುತ್ತದೆ. ಕಿತ್ತಳೆ ಸಿಪ್ಪೆಯಂತೆ ತರಿತರಿಯಾಗಿದ್ದರೆ ಮೃದುವಾಗಿ ಹರಡುತ್ತದೆ. ಒಂದೇ ತಲೆಯಲ್ಲಿ ಹಲವು ಎಲ್‌ಇಡಿ ತುಂಬಿದರೆ ಅಗಲ ಹೆಚ್ಚು. ಮೂತಿ ಮುಂದೆ ಹಿಂದೆ ಎಳೆಯುವ ಜೂಮ್ ಟಾರ್ಚುಗಳು ಅಂಗಡಿಯಲ್ಲಿ ಮೋಜು. ಕಿರಣವನ್ನು ಕಿರಿದು ಮಾಡಿದಾಗ ಬೆಳಕಿನ ಬಹುಪಾಲು ಒಳಗೇ ವ್ಯರ್ಥ, ಕಾಲಬುಡವೂ ಕಾಣದು. ಲೇಸರ್‌ನಿಂದ ಫಾಸ್ಫರ್ ಲೇಪವನ್ನು ಹೊಳೆಯಿಸುವ ಟಾರ್ಚುಗಳು ಕಿಲೋಮೀಟರ್ ದಾಟುತ್ತವಾದರೂ ಹಿತ್ತಲಿಗೆ ಅವುಗಳಿಂದ ಕೆಲಸವಿಲ್ಲ.

‘ಟರ್ಬೊ’ ಎಂಬ ಗುಂಡಿಯ ಬಗ್ಗೆ ತುಸು ಅನುಮಾನ ಇರಲಿ. ಮುಷ್ಟಿಯಷ್ಟು ಅಲ್ಯೂಮಿನಿಯಂ ಹೊರಹಾಕಬಲ್ಲ ಶಾಖಕ್ಕೆ ಮಿತಿಯಿದೆ. ಕೆಲವೇ ನಿಮಿಷಗಳಲ್ಲಿ ಟಾರ್ಚ್ ತಾನಾಗಿಯೇ ಬೆಳಕು ತಗ್ಗಿಸಿಕೊಳ್ಳುತ್ತದೆ. ಎಫ್‌ಎಲ್-1ರಲ್ಲಿ ಲುಮೆನ್ ಅಳೆಯುವುದು ಹೊತ್ತಿಸಿದ 30 ಸೆಕೆಂಡಿನ ನಂತರ. ಉರಿಯುವ ಅವಧಿಯನ್ನು ಎಣಿಸುವುದು ಬೆಳಕು ಹತ್ತನೆಯ ಒಂದು ಭಾಗಕ್ಕೆ ಇಳಿಯುವವರೆಗೆ. ಹೀಗಾಗಿ ‘2,000 ಲುಮೆನ್, 2 ಗಂಟೆ’ ಎಂಬ ಮಾತು ಸುಳ್ಳಾಗದೆಯೇ ಮೋಸ ಮಾಡಬಲ್ಲದು. ಒಳ್ಳೆಯ ತಯಾರಕರು ನಿಮಿಷದಿಂದ ನಿಮಿಷಕ್ಕೆ ಬೆಳಕು ಹೇಗೆ ಇಳಿಯುತ್ತದೆ ಎಂಬ ರೇಖಾಚಿತ್ರ ಕೊಡುತ್ತಾರೆ. ನಿಜವಾದ ಬೆಳಕು ಅದರಲ್ಲಿನ ಸಮತಟ್ಟು ಭಾಗದ್ದು.

ಬ್ಯಾಟರಿಯ ಲೆಕ್ಕದಿಂದಲೂ ಬಡಾಯಿ ಬಯಲಾಗುತ್ತದೆ. ಟಾರ್ಚುಗಳಲ್ಲಿ ಈಗ ಬಳಕೆಯಲ್ಲಿರುವ ಎರಡು ಮುಖ್ಯ ಲಿಥಿಯಂ ಶೆಲ್ಲುಗಳು 18650 ಮತ್ತು 21700. ಮೊದಲೆರಡು ಅಂಕಿ ಮಿಲಿಮೀಟರಿನಲ್ಲಿ ವ್ಯಾಸ, ಮುಂದಿನೆರಡು ಉದ್ದ. 18650ಯ ಸಾಮರ್ಥ್ಯ 3,500 ಮಿಲಿಆಂಪ್‌-ಗಂಟೆಯ ಆಸುಪಾಸು, 21700ಯದು 5,000ದ ಆಸುಪಾಸು. 9,900 ಎಂದು ಅಚ್ಚಾದ 18650 ಕಂಡರೆ ಅಂಗಡಿಯಿಂದ ಹೊರಡಬಹುದು. 21700ಯೊಂದು ಹಿಡಿದಿಡುವುದು ಸುಮಾರು 18 ವ್ಯಾಟ್‌-ಗಂಟೆ. ಪ್ರತಿ ವ್ಯಾಟಿಗೆ 150 ಲುಮೆನ್ ಎಂದು ಉದಾರವಾಗಿ ಹಿಡಿದರೂ 5,000 ಲುಮೆನ್ ಅರ್ಧ ಗಂಟೆಯಲ್ಲಿ ಅದನ್ನು ಬರಿದು ಮಾಡುತ್ತದೆ. ಒಂದೇ ಶೆಲ್ಲಿನಲ್ಲಿ ‘5,000 ಲುಮೆನ್, 10 ಗಂಟೆ’ ಎಂಬುದು ಭೌತಶಾಸ್ತ್ರಕ್ಕೆ ಒಪ್ಪದ ಜಾಹೀರಾತು.

ಗೋಡೆಯ ಪ್ಲಗ್ಗಿಗೆ ನೇರ ಚುಚ್ಚುವ ಅಗ್ಗದ ಚಾರ್ಜಿಂಗ್ ಟಾರ್ಚುಗಳಲ್ಲಿ ಹಲವಕ್ಕೆ ಸಣ್ಣ ಸೀಸ-ಆಮ್ಲ ಬ್ಯಾಟರಿ. ಖಾಲಿಯಾದ ಮೇಲೆ ಮರೆತು ಮೂಲೆಯಲ್ಲಿಟ್ಟರೆ ಅದರ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತು ಮತ್ತೆ ಚಾರ್ಜ್ ಹಿಡಿಯುವುದಿಲ್ಲ. ಇತ್ತ ಸಾಮಾನ್ಯ ಆಲ್ಕಲೈನ್ ಶೆಲ್ಲುಗಳು ತಿಂಗಳುಗಟ್ಟಲೆ ಒಳಗೇ ಉಳಿದರೆ ಸೋರಿ ಬಿಳಿ ಕಿಲುಬು ಕಟ್ಟುತ್ತವೆ.

ದೂರದ ಬೆಳಕಿನಷ್ಟೇ ಮುಖ್ಯವಾದದ್ದು ಕಾಲಬುಡದ ಬೆಳಕು. ಭಾರತದಲ್ಲಿ 2000ದಿಂದ 2019ರವರೆಗೆ ಹಾವು ಕಚ್ಚಿ ವರ್ಷಕ್ಕೆ ಸರಾಸರಿ 58,000 ಮಂದಿ ಸತ್ತಿದ್ದಾರೆ ಎಂಬ ಅಂದಾಜು 2020ರಲ್ಲಿ ಪ್ರಕಟವಾಯಿತು. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣಗಳ ಸಾಲಿಗೆ ಸೇರಿಸಿತು. ಕಟ್ಟುಹಾವು ರಾತ್ರಿಯ ಸಂಚಾರಿ. ತರಗೆಲೆಯ ನಡುವೆ ಸುರುಳಿ ಸುತ್ತಿದ ಕೊಳಕುಮಂಡಲ ಬಣ್ಣದಲ್ಲಿ ತರಗೆಲೆಯೇ. ಇಲ್ಲಿ ಎಷ್ಟು ಲುಮೆನ್ ಎಂಬುದಕ್ಕಿಂತ ಎಂಥ ಬೆಳಕು ಎಂಬುದು ಮುಖ್ಯ. ಅಗ್ಗದ ಎಲ್‌ಇಡಿಯ ನೀಲಿಛಾಯೆಯ ಬಿಳುಪಿನಲ್ಲಿ ಕಂದು, ಕೆಂಪು, ಹಳದಿಗಳ ವ್ಯತ್ಯಾಸ ಮಾಸುತ್ತದೆ. 4,000ದಿಂದ 5,000 ಕೆಲ್ವಿನ್ ನಡುವಿನ ವರ್ಣತಾಪದ, ಬಣ್ಣಗಳನ್ನು ನಿಷ್ಠೆಯಿಂದ ತೋರುವ, ಅಂದರೆ ಸಿಆರ್‌ಐ 90ರ ಮೇಲಿರುವ ಎಲ್‌ಇಡಿ ತುಸು ದುಬಾರಿ, ತುಸು ಮಂದ. ಆದರೂ ನಡೆಯುವವರಿಗೆ ಅದೇ ವಾಸಿ. ನಡೆದಾಡಲು 50 ಲುಮೆನ್ ಸಾಕು. ಕತ್ತಲೆಗೆ ಕಣ್ಣು ಪೂರ್ತಿ ಹೊಂದಿಕೊಳ್ಳಲು ಅರ್ಧ ಗಂಟೆಯಾದರೂ ಬೇಕು. ಪ್ರಖರ ಬೆಳಕು ಅದನ್ನು ಒಂದೇ ಏಟಿಗೆ ಕೆಡಿಸುತ್ತದೆ.

ಆಗುಂಬೆಯಂಥ ಕಡೆ ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ದಾಟಿ ಮಳೆ ಸುರಿಯುತ್ತದೆ. ನೀರು ತಡೆಯುವ ಶಕ್ತಿಯ ಗುರುತುಗಳಲ್ಲಿ ಐಪಿಎಕ್ಸ್-4 ಎಂದರೆ ಎರಚಲು ತಡೆಯುತ್ತದೆ ಎಂದಷ್ಟೇ. ಐಪಿಎಕ್ಸ್-7 ಎಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಬಿದ್ದಿದ್ದರೂ ಉಳಿಯುತ್ತದೆ. ಚಾರ್ಜಿಂಗ್ ತೂತಿನ ರಬ್ಬರ್ ಮುಚ್ಚಳ ಸಡಿಲವಾದರೆ ಯಾವ ಅಂಕಿಯೂ ಕಾಯುವುದಿಲ್ಲ. ಮಂಜು ಕವಿದ ರಾತ್ರಿ ಟಾರ್ಚನ್ನು ಕಣ್ಣಿನ ಮಟ್ಟದಲ್ಲಿ ಹಿಡಿದರೆ ಎದುರಿಗೆ ಬಿಳಿ ಗೋಡೆ. ಸೊಂಟಕ್ಕಿಂತ ಕೆಳಗೆ ಹಿಡಿದರೆ ನೆಲ ಕಾಣುತ್ತದೆ.

ಪ್ರಾಣಿಗಳ ವಿಷಯಕ್ಕೆ ಟಾರ್ಚ್ ಹಿಡಿಯುವ ಈ ಎತ್ತರದ ಲೆಕ್ಕ ತಿರುಗುಮುರುಗು. ನಾಯಿ, ದನ, ಚಿರತೆಗಳ ಕಣ್ಣಿನ ಹಿಂಬದಿಯಲ್ಲಿರುವ ಪ್ರತಿಫಲಕ ಪದರ ಬೆಳಕನ್ನು ಬಂದ ದಾರಿಯಲ್ಲೇ ಮರಳಿಸುವುದರಿಂದ, ಟಾರ್ಚನ್ನು ಕೆನ್ನೆಯ ಪಕ್ಕ ಹಿಡಿದಾಗಲೇ ಹೊಳೆಯುವ ಜೋಡಿ ಚುಕ್ಕೆಗಳು ಚೆನ್ನಾಗಿ ಕಾಣುತ್ತವೆ. ಹುಲ್ಲಿನಲ್ಲಿ ನೂರಾರು ಹಸಿರು ಕಿಡಿಗಳು ಮಿನುಗಿದರೆ ಗಾಬರಿ ಬೇಡ, ಅವು ಜೇಡಗಳು. ಕಾಡುಪಾಪಗಳನ್ನು ಎಣಿಸಲು ಹೋಗುವವರು ಅವುಗಳ ಕಣ್ಣಿಗೆ ಹಿಂಸೆಯಾಗದಂತೆ ಹಣೆದೀಪಕ್ಕೆ ಕೆಂಪು ಹಾಳೆ ಕಟ್ಟಿಕೊಳ್ಳುತ್ತಾರೆ. ಸಕಲೇಶಪುರ, ಕೊಡಗಿನ ಕಡೆ ತೋಟಕ್ಕೆ ಆನೆ ಬರುವುದುಂಟು. ಎಷ್ಟೇ ಪ್ರಖರವಾದ ಟಾರ್ಚೂ ಅಲ್ಲಿ ಆಯುಧವಲ್ಲ. ಆನೆಯನ್ನು ದೂರದಿಂದಲೇ ಕಂಡು ಮನೆಯೊಳಗೆ ಮರಳುವಷ್ಟು ಸಮಯ ಕೊಡುವುದು ಅದರ ಕೆಲಸ.

ಮನೆಮಂದಿಯೆಲ್ಲ ಬಳಸುವ ಟಾರ್ಚಿಗೆ ಗುಂಡಿ ಒಂದೇ ಇದ್ದರೆ ಒಳಿತು. ಎರಡು ಬಾರಿ ಒತ್ತಿದರೆ ಟರ್ಬೊ, ಮೂರು ಬಾರಿ ಒತ್ತಿದರೆ ಕಣ್ಣು ಕುಕ್ಕುವ ಮಿಟುಕು ಎಂಬಂಥ ಏರ್ಪಾಡು ಟಾರ್ಚ್ ಹವ್ಯಾಸಿಗಳಿಗೆ ಇಷ್ಟವಾಗಬಹುದು. ನಿದ್ದೆಗಣ್ಣಿನಲ್ಲಿ ಎದ್ದು ಬಂದ ಅಜ್ಜಿಯ ಕೈಯಲ್ಲಿ ಅದು ಕೆಲಸಕ್ಕೆ ಬಾರದು. ಬಿಡಿ ಲಿಥಿಯಂ ಶೆಲ್ಲು ಕೊಳ್ಳುವಾಗ ಬಿಐಎಸ್ ನೋಂದಣಿಯ ಗುರುತು ಇದೆಯೇ ಎಂದು ನೋಡಬೇಕು. ಹೊದಿಕೆ ಹರಿದ ಅಥವಾ ಬಿದ್ದು ತಗ್ಗಾದ ಶೆಲ್ಲನ್ನು ಮತ್ತೆ ಚಾರ್ಜಿಗೆ ಹಾಕಬಾರದು, ಗೊಬ್ಬರಗುಂಡಿಗೂ ಎಸೆಯಬಾರದು. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಗಳನ್ನು ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಹೊಣೆ ತಯಾರಕರದು.